ಹಿತ್ತಾಳೆ ಬಿಲ್ಲೆ

ನಾಲ್ಕೇ ಚಿತ್ರ. ಕಪ್ಪು ಬಿಳುಪು.
ಎಲ್ಲೋ ದೂರದ ಬೆಟ್ಟದ ದುರ್ಬೀನು
ಹದಿನೈದು ನಿಮಿಷಕ್ಕೊಂದರಂತೆ ತೆಗೆದು ಕಳಿಸಿದ್ದು.
ಭದ್ರಾವತಿಯ ನಮ್ಮ ಶಾಲೆಯಲ್ಲಿ
ಕೆಲಸ ಮಾಡುವ ಕಂಪ್ಯೂಟರು ಎರಡು,
ಅದರಲ್ಲೊಂದರ ಕೀಬೋರ್ಡಿಗೆ ಸೊನ್ನೆ ಇಲ್ಲ.

ಒಂದರ ಮೇಲೊಂದು ಚಿತ್ರ ಬಂದು ಹೋಗುತ್ತದೆ,
ಮಿಟುಕು, ಮಿಟುಕು, ಮಿಟುಕು, ಮಿಟುಕು.
ನಕ್ಷತ್ರಗಳು ಕದಲುವುದಿಲ್ಲ.
ಕದಲಿದ್ದು ಏನೇ ಇರಲಿ, ಕೂಗಿ ಹೇಳಿ ಅಂದಿದ್ದೆ.
ಮೊದಲ ವಾರ ಕೂಗಿದ್ದೆಲ್ಲ ಧೂಳು,
ಕ್ಯಾಮೆರಾದ ಕಲೆ, ಒಮ್ಮೆ
ಪರದೆಯ ಮೇಲೆ ನಿಜವಾಗಿಯೇ ನಡೆದ ಇರುವೆ.

ಒಂಬತ್ತನೇ ಬಿ ವಿಭಾಗದ ಜಬೀನಾ ಕೂಗಲಿಲ್ಲ.
ಎದ್ದು ಬಂದು, ಮೇಜಿನ ಪಕ್ಕ ನಿಂತು,
"ಮಿಸ್, ಒಂದು ಚುಕ್ಕಿ ಸಾಲು ಬಿಟ್ಟು ಹೋಗ್ತಾ ಇದೆ" ಅಂದಳು,
ಬೆಳಗಿನ ಪ್ರಾರ್ಥನೆಯಲ್ಲಿ ಯಾರದೋ ಮೇಲೆ
ಚಾಡಿ ಹೇಳುವ ದನಿಯಲ್ಲಿ.

ಅದು ನವೆಂಬರು. ಉಳಿದದ್ದು
ಚೂರುಚೂರಾಗಿ ತಿಳಿಯುತ್ತ ಹೋಯಿತು.
ಮಂಗಳಕ್ಕೂ ಗುರುವಿಗೂ ನಡುವಿನ ಬಯಲಲ್ಲಿ ಅದರ ದಾರಿ.
ಒಂದು ಸುತ್ತಿಗೆ ನಾಲ್ಕು ವರ್ಷ, ಮೇಲೆ ಎರಡು ತಿಂಗಳು.
ಅಗಲ, ಹೆಚ್ಚೆಂದರೆ, ಹಳೇ ಸೇತುವೆಯಿಂದ ಪೇಪರ್ ಟೌನಿನಷ್ಟು.
ಆರು ಗಂಟೆಯಲ್ಲಿ ಬೆಳಕು ಎರಡು ಸಲ ಏರಿ ಎರಡು ಸಲ ಇಳಿಯಿತು:
ಅಂದರೆ ದುಂಡಗಿಲ್ಲ, ಉದ್ದುದ್ದ, ಉರುಳುತ್ತಿದೆ,
ಅಂದರೆ ಅಲ್ಲಿನ ಬೆಳಗು, ಬೈಗು, ಇರುಳು
ನಮ್ಮ ಮೊದಲ ಬೆಲ್ಲಿಗೂ ಮನೆಗೆ ಬಿಡುವ ಬೆಲ್ಲಿಗೂ ನಡುವೆ
ಮುಗಿದೇ ಹೋಗುತ್ತವೆ.
"ಅಲ್ಲಿ ಹೈ ಜಂಪ್ ಮಾಡಿದ್ರೆ?" ಕೇಳಿದ ಸೆಲ್ವಕುಮಾರ.
ಇಳಿಯೋದಿಲ್ಲ ಕಣೋ, ಹಾರಿದವ ಹಾರಿದ ಹಾಗೇ ಹೋಗ್ತಾನೆ, ಅಂದೆ.
ಅವನು ಸಂಜೆವರೆಗೂ ಕಿಟಕಿ ನೋಡುತ್ತ ಕೂತಿದ್ದ.

ಅದಕ್ಕೆ ಸಿಕ್ಕಿದ್ದು ಹೆಸರಲ್ಲ.
ಒಂದು ಇಸವಿ, ಎರಡು ಅಕ್ಷರ, ಒಂದಿಷ್ಟು ಅಂಕಿ.
ಜಬೀನಾಳ ತಂದೆ ಮಕ್ಬೂಲ್ ಸಾಹೇಬರು ನಕ್ಕರು.
ಮೊಳೆಗೆ ತೂಗುಹಾಕಿದ್ದ ಹಿತ್ತಾಳೆ ಬಿಲ್ಲೆ ತಂದು ತೋರಿಸಿದರು:
ನಾಲ್ಕು ನಾಲ್ಕು ಒಂದು ಏಳು.
"ಇಪ್ಪತ್ತಾರು ವರ್ಷ ಕಾರ್ಖಾನೆ ಗೇಟಿನಲ್ಲಿ ನಾನೂ ಇಷ್ಟೇ."
ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಕಾವು ಹೇಳಿದವರು,
ಮೀಟರು ಆಮೇಲೆ ಹೌದೆನ್ನುತ್ತಿತ್ತು.
ಕುಲುಮೆ ಆರಿದ ಮೇಲೆ ಆ ಕಣ್ಣಿಗೆ ಕೆಲಸವಿಲ್ಲ.
"ಬಣ್ಣ ಏನಂತೆ ಅದರದ್ದು?"
ಕಬ್ಬಿಣ ಇರಲಿ ಎಂದು ಅವರಿಗೆ ಆಸೆ. ನನಗೂ.
ಮಗಳು ಆಸೆಪಡಲಿಲ್ಲ, ಕಾದಳು.

ಪರೀಕ್ಷೆಗೆ ಮುಂಚೆ ಉತ್ತರ ಬಂತು.
ನೂರು ಪಾಲು ಬಿಸಿಲು ಬಿದ್ದರೆ
ಐದು ಪಾಲು ಹಿಂದಕ್ಕೆ ಕೊಡುತ್ತದೆ, ಅಷ್ಟೆ.
ಕಬ್ಬಿಣ ಅಲ್ಲ. ಇದ್ದಲಿನ ಜಾತಿ.
ಸಾಹೇಬರು ಬಿಲ್ಲೆಯನ್ನು ಹೆಬ್ಬೆರಳಲ್ಲಿ ಉಜ್ಜಿದರು.
"ಇದ್ದಲಿಲ್ಲದೆ ಎಲ್ಲಿಯ ಕಬ್ಬಿಣ, ಟೀಚರಮ್ಮ?
ಈ ಕಾಡಿನ ಇದ್ದಲನ್ನು ನಮ್ಮಜ್ಜ ಗಾಡಿ ಹೊಡೆದು ತಂದಿದ್ದಕ್ಕೇ
ಅವತ್ತು ಕುಲುಮೆ ಹೊತ್ತಿದ್ದು."

ಆಮೇಲೆ ಬಂದ ಪತ್ರವನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡೆ.
ಹನ್ನೊಂದು ವರ್ಷದ ಹಿಂದೆ, ಇನ್ನೊಂದು ಬೆಟ್ಟದಲ್ಲಿ,
ಅದೇ ಚುಕ್ಕಿ, ಬೇರೆಯವರ ಚಿತ್ರದ ಅಂಚಿನಲ್ಲಿ ಸಿಕ್ಕಿಕೊಂಡಿತ್ತಂತೆ.
ಕಂಡುಹಿಡಿದ ಕೀರ್ತಿ ಅವರದು,
ಮುಂದೆಂದೋ ಹೆಸರಿಡುವ ಹಕ್ಕೂ.
ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳು
ಹದಿನಾರು ಅಕ್ಷರ ಮೀರಬಾರದೆಂದು ಎಣಿಸಿ ಎಣಿಸಿ
ಏಳು ಹೆಸರು ಬರೆದಿಟ್ಟಿದ್ದಳು. ನಾನು ನೋಡಿದ್ದೆ.

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಆಗಲೂ ಇತ್ತಾ ಮಿಸ್? ನಾನು ಅಂಗನವಾಡಿಯಲ್ಲಿದ್ದಾಗ?"
ಇತ್ತು.
"ಯಾರೂ ನೋಡದಿದ್ದರೂ ದಾರಿ ತಪ್ಪದೆ ಹೋಗ್ತಿತ್ತಾ?"
ಹೋಗ್ತಿತ್ತು.

ಹೆಸರುಗಳ ಹಾಳೆ ಹರಿಯಲಿಲ್ಲ, ಮಗುಚಿದಳು.
ಅದು ಮತ್ತೆ ನಮಗೆ ಎದುರಾಗುವ ತಿಂಗಳನ್ನು
ಬೆರಳು ಮಡಚಿ ಲೆಕ್ಕ ಹಾಕಿದಳು, ಎರಡು ಸಲ.
ಹದಿನಾರು ತಿಂಗಳು. ಬರುವ ವರ್ಷದ ಮಾರ್ಚ್.
"ಥೂ," ಅಂದಳು, "ಎಸ್ಸೆಸ್ಸೆಲ್ಸಿ ಪರೀಕ್ಷೆ ಹೊತ್ತಿಗೇ ಬರಬೇಕಾ ಇದು."